ಬಿದಿರು ಕೋಲೋ, ರೀಲ್ ರಾಡೋ? ಊರ ಕೆರೆಯಲ್ಲಿ ಗಾಳ ಹಾಕುವವರಿಗೆ

ಹೋದ ತಿಂಗಳು ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿದ. "ಮಾಮ, ಆನ್‌ಲೈನಲ್ಲಿ ಒಂದು ಫಿಶಿಂಗ್ ಸೆಟ್ ನೋಡಿದೀನಿ. ರಾಡು, ರೀಲು, ರಬ್ಬರ್ ಮೀನು, ಬ್ಯಾಗು ಎಲ್ಲ ಸೇರಿ ಎರಡೂವರೆ ಸಾವಿರ. ತಗೊಳ್ಳಾ?"

"ಯಾವ ಕೆರೆಗೆ?" ಅಂದೆ.

"ಯಾವುದಾದ್ರೇನು ಮಾಮ, ಕೆರೆ ಕೆರೆನೇ ಅಲ್ವಾ?"

ಎಲ್ಲರೂ ಎಡವುವುದು ಇಲ್ಲೇ. ಮೊದಲು ಕೋಲು ಕೊಳ್ಳುತ್ತಾರೆ. ಆಮೇಲೆ ಕೆರೆ ಹುಡುಕುತ್ತಾರೆ. ಮೂರು ಭಾನುವಾರ ಬರಿಗೈಲಿ ವಾಪಸ್ ಬಂದ ಮೇಲೆ, ಆ ಕೆರೆಯಲ್ಲಿ ಯಾವ ಮೀನಿದೆ ಅಂತ ವಿಚಾರಿಸುತ್ತಾರೆ. ಇದನ್ನು ತಿರುವಿ ಹಾಕಬೇಕು. ಮೊದಲು ಕೆರೆ, ಆಮೇಲೆ ಮೀನು, ಕೊನೆಗೆ ಕೋಲು. ಅವನಿಗೆ ಫೋನಿನಲ್ಲಿ ಅವಸರದಲ್ಲಿ ಹೇಳಿದ್ದನ್ನೇ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ನಾನು ಹೇಳುವುದು ಬಯಲುಸೀಮೆಯ ಸಣ್ಣ ಕೆರೆಗಳ ಬಗ್ಗೆ. ಏರಿ ಮೇಲೆ ನಿಂತು ಕೂಗಿದರೆ ಆಚೆ ದಡದಲ್ಲಿ ಎಮ್ಮೆ ಮೈ ತೊಳೆಯುತ್ತಿರುವವನು ತಿರುಗಿ ನೋಡಬೇಕು, ಅಷ್ಟು ಸಣ್ಣವು. ಜಲಾಶಯ, ಹೊಳೆ, ಸಮುದ್ರದ ಲೆಕ್ಕ ಬೇರೆ.

ಮೊದಲು ಕೆರೆ ಯಾರದು ಕೇಳಿ

ಕರ್ನಾಟಕದಲ್ಲಿ 30 ಸಾವಿರಕ್ಕೂ ಜಾಸ್ತಿ ಕೆರೆಗಳಿವೆ. ನೀರು ಊರಿನದು, ದನಕ್ಕೆ ಕುಡಿಸಬಹುದು, ಬಟ್ಟೆ ಒಗೆಯಬಹುದು. ಆದರೆ ಮೀನು? ಅದು ಬಹಳ ಕಡೆ ಹರಾಜಾಗಿರುತ್ತದೆ. ಇದಕ್ಕೆ ಮೀನು ಪಾಶುವಾರು ಹಕ್ಕು ಅಂತಾರೆ. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಕೊಡುತ್ತದೆ, ಸಣ್ಣವನ್ನು ಗ್ರಾಮ ಪಂಚಾಯಿತಿ. ಗುತ್ತಿಗೆ ಹಿಡಿದವರು ಮರಿ ತಂದು ಬಿಡುತ್ತಾರೆ, ಕಾವಲಿಗೆ ಒಬ್ಬನನ್ನು ಇಡುತ್ತಾರೆ, ಬೇಸಿಗೆಯಲ್ಲಿ ನೀರಿಳಿದಾಗ ಬಲೆ ಎಳೆಯುತ್ತಾರೆ.

ನನಗೆ ಈ ಪಾಠ ಆಗಿದ್ದು ಅವಮಾನದಲ್ಲಿ. ಇಪ್ಪತ್ತು ವರ್ಷದ ಹಿಂದೆ ಒಂದು ಕೆರೆ ಏರಿ ಮೇಲೆ ಕೂತು ಎರಡು ಕಾಟ್ಲಾ ಹಿಡಿದಿದ್ದೆ. ಒಂದೊಂದು ಒಂದೂವರೆ ಕೆಜಿ ಇದ್ದವು. ಬೀಗುತ್ತಾ ಕೂತಿದ್ದಾಗ ಕಾವಲಿನವನು ಬೈಕಿನಲ್ಲಿ ಬಂದ. ಬೈಯಲಿಲ್ಲ. ಚೀಲ ಬಿಚ್ಚಿ ಎರಡನ್ನೂ ಎತ್ತಿಕೊಂಡ. "ಸಾರ್, ಜಿಲೇಬಿ ಮೀನು ಎಷ್ಟು ಬೇಕಾದ್ರೂ ಹಿಡ್ಕಳಿ, ಅದು ನಮಗೂ ಬೇಡ. ಇದು ದುಡ್ಡು ಕೊಟ್ಟು ಬಿಟ್ಟಿರೋ ಮೀನು," ಅಂದ.

ಅವನ ಮಾತಿನಲ್ಲಿ ಮೀನಿನ ಪಾಠವೇ ಇತ್ತು ಅಂತ ಆಮೇಲೆ ಗೊತ್ತಾಯಿತು. ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಕಡೆಯ ಹೊಳೆ ಮೀನುಗಳು. ನಿಂತ ನೀರಿನಲ್ಲಿ ಬೆಳೆಯುತ್ತವೆ, ಮೊಟ್ಟೆ ಇಡುವುದಿಲ್ಲ. ಅದಕ್ಕೆ ಮಳೆಗಾಲದ ಹರಿಯುವ ನೀರೇ ಬೇಕು. ಹಿಂದೆ ಮರಿಗಳನ್ನು ಹೊಳೆಯಿಂದಲೇ ಬಾಚಿ ತರುತ್ತಿದ್ದರು. 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಮೀನಿನ ಮೆದುಳಿನಡಿಯ ಪಿಟ್ಯೂಟರಿ ಗ್ರಂಥಿಯ ಸಾರ ಚುಚ್ಚಿ, ಕೊಳದಲ್ಲೇ ಮೊಟ್ಟೆ ಇಡುವ ಹಾಗೆ ಮಾಡಿದರು. ಅದಾದ ಮೇಲೆ ಮರಿ ಕೇಂದ್ರಗಳು ಬಂದವು, ನಮ್ಮ ಕೆರೆಗಳಿಗೂ ಕಾಟ್ಲಾ ಬಂತು. ಅಂದರೆ ನಿಮ್ಮೂರ ಕೆರೆಯಲ್ಲಿರುವ ಕಾಟ್ಲಾಗಳಲ್ಲಿ ಹೆಚ್ಚುಕಡಿಮೆ ಪ್ರತಿಯೊಂದನ್ನೂ ಯಾರೋ ಕೊಂಡು ತಂದು ಬಿಟ್ಟಿದ್ದಾರೆ. ಜಿಲೇಬಿಯನ್ನು ಯಾರೂ ಬಿಡಬೇಕಿಲ್ಲ. ಅದು ತಾನಾಗೇ ಸಾವಿರ ಆಗುತ್ತದೆ.

ಹಾಗಾಗಿ ಕೆರೆಗಳಲ್ಲಿ ಆಯ್ಕೆ ಹೀಗೆ. ಗುತ್ತಿಗೆ ಆಗಿರುವ ಕೆರೆಯಾದರೆ ಕಾವಲಿನವನನ್ನು ಮೊದಲೇ ಮಾತಾಡಿಸಿ. ಬೀಡಿ ಬೆಂಕಿಪೊಟ್ಟಣಕ್ಕಿಂತ ಮರ್ಯಾದೆಯ ಮಾತು ಜಾಸ್ತಿ ಕೆಲಸ ಮಾಡುತ್ತದೆ. ಒಂದೇ ಕೋಲು ಹಾಕ್ತೀನಿ, ಜಿಲೇಬಿ ಹಿಡೀತೀನಿ, ಕಾಟ್ಲಾ ಬಂದ್ರೆ ಬಿಡ್ತೀನಿ ಅಂದರೆ ಬೇಡ ಅನ್ನುವವರು ಕಡಿಮೆ. ಬೇಡ ಅಂದರೆ ಎದ್ದು ಬನ್ನಿ, ವಾದ ಬೇಡ. ಗುತ್ತಿಗೆ ಆಗದ ಕಟ್ಟೆ, ಕುಂಟೆ ಸಿಕ್ಕರೆ ಅದೇ ಹೊಸಬರಿಗೆ ಸ್ವರ್ಗ. ಸಣ್ಣ ಮೀನು, ಯಾರ ಕಾಟವೂ ಇಲ್ಲ.

ಬೆಂಗಳೂರಿನಂಥ ಊರಿನ ಕೆರೆ ಮೂರನೆಯದು. ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಬೇಲಿ, ವಾಕಿಂಗ್ ದಾರಿ, 'ಮೀನು ಹಿಡಿಯಬಾರದು' ಅನ್ನುವ ಬೋರ್ಡು ಇರುವ ಕಡೆ ಗಾಳ ಬೀಸಿದರೆ ಹಿಂದೆ ಓಡುವವರ ಕಿವಿಗೆ ಕೊಕ್ಕೆ ಸಿಕ್ಕೀತು. ಅದಕ್ಕಿಂತ ಮುಖ್ಯ ಕೊಳಚೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ದಡದುದ್ದಕ್ಕೂ ಸತ್ತ ಮೀನು ತೇಲಿದ್ದು ಬಹಳ ಜನಕ್ಕೆ ನೆನಪಿರಬಹುದು. ಕೊಳಚೆ ಸೇರಿ ನೀರಿನಲ್ಲಿ ಆಮ್ಲಜನಕ ಕುಸಿದರೆ ಒಂದೇ ರಾತ್ರಿಯಲ್ಲಿ ಹಾಗಾಗುತ್ತದೆ. ಅಂಥ ನೀರಿನಲ್ಲಿ ಬದುಕಿ ಉಳಿದ ಮೀನನ್ನು ಹಿಡಿದು ಮಾಡುವುದಾದರೂ ಏನು? ಮನೆಗೆ ತರುವಂತಿಲ್ಲ.

ಇನ್ನು ದೇವರ ಮೀನು. ಶೃಂಗೇರಿ, ಶಿಶಿಲದಂಥ ಕಡೆ ಜನ ಅಕ್ಕಿ, ಪುರಿ ಹಾಕಿ ಸಾಕಿದ ಮೀನುಗಳಿವೆ. ಅಲ್ಲಿ ಗಾಳದ ಮಾತೇ ಎತ್ತಬೇಡಿ. ಊರ ದೇವಸ್ಥಾನದ ಕಲ್ಯಾಣಿಗೂ ಇದೇ ಮಾತು.

ಯಾವ ಮೀನಿಗೆ ಕೂರುತ್ತೀರಿ

ಅನುಮತಿ ಸಿಕ್ಕಿತು ಅಂದುಕೊಳ್ಳಿ. ಈಗ ಮೀನು.

ಹೊಸಬರಿಗೆ ಜಿಲೇಬಿಗಿಂತ ಒಳ್ಳೆ ಮೇಷ್ಟ್ರು ಇಲ್ಲ. ಕಾಗದದಲ್ಲಿ ಇದರ ಹೆಸರು ತಿಲಾಪಿಯಾ. ಆಫ್ರಿಕಾದ ಮೀನು, 1952ರಲ್ಲಿ ಭಾರತಕ್ಕೆ ತಂದರು. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಅದಕ್ಕೇ ಯಾವ ಕೆರೆಗೆ ಹೊಕ್ಕರೂ ಅಲ್ಲಿಂದ ಹೋಗುವುದಿಲ್ಲ. ದಡದ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ತಟ್ಟೆಯ ಹಾಗೆ ಗುಂಡಗೆ ತೋಡಿದ ಗುಳಿಗಳು ಕಂಡರೆ ಅದು ಇದರ ಮನೆ. ಹುಳ, ಹಿಟ್ಟು, ಅನ್ನದ ಅಗುಳು, ಏನು ಕೊಟ್ಟರೂ ಮುಟ್ಟುತ್ತದೆ. ಒಂದೇ ಕಷ್ಟ, ಬೆನ್ನಿನ ಮುಳ್ಳು. ತಲೆಯಿಂದ ಬಾಲದ ಕಡೆಗೆ ಕೈ ಸವರಿ ಮುಳ್ಳು ಮಡಚಿ ಹಿಡಿಯಬೇಕು. ಉಲ್ಟಾ ಹಿಡಿದರೆ ರಕ್ತ.

ಎರಡನೆಯದು ಸಾಮಾನ್ಯ ಗೆಂಡೆ, ಕಾಮನ್ ಕಾರ್ಪ್. ಇದೂ ಹೊರಗಿನದೇ, 1939ರಿಂದ ನಮ್ಮ ದೇಶದಲ್ಲಿದೆ. ಬಾಯಿಯ ಪಕ್ಕ ಸಣ್ಣ ಮೀಸೆ. ತಳದ ಕೆಸರು ಕೆದಕಿ ತಿನ್ನುತ್ತದೆ, ಹಾಗಾಗಿ ಅದು ಇರುವ ಕಡೆ ನೀರಿನಿಂದ ಸಾಲಾಗಿ ಗುಳ್ಳೆ ಬರುತ್ತವೆ. ಕಚ್ಚುವುದರಲ್ಲಿ ಬಹಳ ಸಾವಧಾನ. ಅದಕ್ಕೆ ಕೂರುವವರಿಗೂ ಅಷ್ಟೇ ಸಾವಧಾನ ಬೇಕು. ಎಳೆದಾಗ ಮಾತ್ರ ಜೋಡೆತ್ತು ಎಳೆದ ಹಾಗೆ.

ಕೊರಮೀನು ಬೇರೆ ಜಾತಿಯ ಆಟ. ಕೆಲವು ಕಡೆ ಕುಚ್ಚು ಮೀನು ಅಂತಾರೆ. ತಲೆ ಹಾವಿನದ್ದು, ಮೈ ದಿಂಡು, ಮುಳ್ಳು ಕಡಿಮೆ, ರುಚಿ ಜಾಸ್ತಿ. ಸಂತೆಯಲ್ಲಿ ಕಾಟ್ಲಾದ ಬೆಲೆಗಿಂತ ಯಾವಾಗಲೂ ಮೇಲೇ. ಇದು ಗಾಳಿಯನ್ನೂ ಉಸಿರಾಡುತ್ತದೆ, ಹಾಗಾಗಿ ಜೊಂಡು, ತಾವರೆ ಎಲೆಯ ನಡುವೆ ಆಗಾಗ 'ಗುಳಕ್' ಅಂತ ಮೇಲೆ ಬಂದು ಹೋಗುತ್ತದೆ. ಆ ಸದ್ದು ಕೇಳಿದ ಜಾಗ ಗುರುತಿಟ್ಟುಕೊಳ್ಳಿ. ಮಳೆಗಾಲದಲ್ಲಿ ನೀರ ಮೇಲೆ ಕೆಂಪಗೆ ಮರಿಗಳ ಗುಂಪು ಮಿಜಿಮಿಜಿ ಅಂತ ಓಡಾಡುವುದು ಕಾಣುತ್ತದೆ. ಅದರ ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ. ಅಲ್ಲಿ ಏನು ಹಾಕಿದರೂ ಸಿಟ್ಟಿಗೆ ಬಂದು ಕಚ್ಚುತ್ತವೆ, ಹಿಡಿಯುವುದು ಬಹಳ ಸುಲಭ. ಹಿಡಿಯಬೇಡಿ. ದೊಡ್ಡದು ಹೋದರೆ ಮರಿಗಳನ್ನು ಜಿಲೇಬಿಯೇ ಮುಗಿಸಿಬಿಡುತ್ತದೆ.

ಕಾಟ್ಲಾ ಗಾಳಕ್ಕೆ ಸುಲಭಕ್ಕೆ ಬೀಳುವ ಮೀನಲ್ಲ. ಬಾಯಿ ಮೇಲ್ಮುಖ, ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಅಭ್ಯಾಸ. ಎರೆಹುಳಕ್ಕೆ ತಿರುಗಿಯೂ ನೋಡದು. ನಾನು ಆವತ್ತು ಹಿಡಿದಿದ್ದು ಹಿಂಡಿ ಉಂಡೆಯಲ್ಲಿ. ಅದರ ವಿಷಯ ಮುಂದೆ ಬರುತ್ತದೆ.

ಚೇಳು ಮೀನಿನ ಬಗ್ಗೆ ಒಂದು ಎಚ್ಚರಿಕೆ. ಕಪ್ಪಗೆ, ಉದ್ದಕ್ಕೆ, ಮೀಸೆ ಇರುವ ಗೇಣುದ್ದದ ಮೀನು ರಾತ್ರಿ ಗಾಳಕ್ಕೆ ಬಂದರೆ ಬರಿಗೈಲಿ ಮುಟ್ಟಬೇಡಿ. ಕಿವಿರಿನ ಪಕ್ಕದ ಮುಳ್ಳಿನಲ್ಲಿ ವಿಷ ಇದೆ. ಚುಚ್ಚಿದರೆ ಭುಜದವರೆಗೂ ಉರಿ ಹತ್ತುತ್ತದೆ. ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಅದ್ದಿಟ್ಟರೆ ನೋವು ಇಳಿಯುತ್ತದೆ, ಆಮೇಲೆ ಡಾಕ್ಟರ್ ಹತ್ತಿರ ಹೋಗಿ. ಇಷ್ಟಾಗಿ ಇದು ತಿನ್ನಲು ಒಳ್ಳೆಯ ಮೀನೇ, ಬಾಣಂತಿಯರಿಗೆ ಕೊಡುವವರೂ ಇದ್ದಾರೆ.

ಈಗ ಕೋಲು

ನಾಲ್ಕು ಆಯ್ಕೆ ಇವೆ: ಕೈದಾರ, ಬಿದಿರು ಕೋಲು, ಮಡಚುವ ಫೈಬರ್ ಕೋಲು, ರೀಲ್ ಇರುವ ರಾಡ್. ನಾಲ್ಕನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ, ಬಿದಿರಿನ ಕಡೆ. ಆದರೆ ಬಿದಿರು ಸೋಲುವ ಜಾಗಗಳನ್ನೂ ಮುಚ್ಚಿಡುವುದಿಲ್ಲ.

ಕೈದಾರ ಅಂದರೆ ಖಾಲಿ ನೀರಿನ ಬಾಟಲಿಗೆ ಸುತ್ತಿದ ನೈಲಾನ್ ದಾರ, ತುದಿಗೆ ಕೊಕ್ಕೆ, ಸ್ವಲ್ಪ ಮೇಲೆ ಭಾರ. ಭಾರಕ್ಕೆ ಸೀಸ ಬೇಕಂತಿಲ್ಲ, ಹಳೆ ನಟ್ಟು ಸಾಕು. ಐವತ್ತು ರೂಪಾಯಿಯಲ್ಲಿ ಮುಗಿಯಿತು. ಏರಿಯ ಕಲ್ಲುಕಟ್ಟಿನ ಮೇಲೆ ಕೂತು ಆಳಕ್ಕೆ ಇಳಿಬಿಡಲು, ತಳದ ಮೀನಿಗೆ ಕಾಯಲು ಇದು ಸರಿ. ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಕೂತರೆ ಮೀನು ಮೂಸುವುದೂ ಗೊತ್ತಾಗುತ್ತದೆ. ಈ ಸೂಕ್ಷ್ಮ ಯಾವ ದುಬಾರಿ ರಾಡಿಗೂ ಇಲ್ಲ. ಆದರೆ ದೊಡ್ಡ ಗೆಂಡೆ ಓಡಿದರೆ ದಾರ ಬೆರಳನ್ನು ಕೊಯ್ಯುತ್ತದೆ. ಜೊಂಡು ಬೆಳೆದ ಕಡೆ ಪ್ರಯೋಜನಕ್ಕಿಲ್ಲ. ಎರಡನೇ ದಾರವಾಗಿ ಜೊತೆಗಿರಲಿ, ಮೊದಲನೆಯದಾಗಿ ಬೇಡ.

ಬಿದಿರು ಕೋಲಿಗೆ ಒಳಗೆ ಟೊಳ್ಳು ಕಡಿಮೆ ಇರುವ, ಹೆಬ್ಬೆರಳು ದಪ್ಪದ ಬಿದಿರು ಆರಿಸಿ. ಹತ್ತರಿಂದ ಹನ್ನೆರಡು ಅಡಿ. ಹಸಿಯಾಗಿದ್ದಾಗಲೇ ಗೆಣ್ಣು ಕೆತ್ತಿ, ಸೊಟ್ಟ ಇರುವ ಕಡೆ ಕೆಂಡದ ಮೇಲೆ ಬಿಸಿ ಮಾಡಿ ನೆಟ್ಟಗೆ ಮಾಡಿ, ಒಂದು ತಿಂಗಳು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಸೀಳುತ್ತದೆ. ದಾರ ಕೋಲಿನಷ್ಟೇ ಉದ್ದ. ಆಗ ಕೋಲೆತ್ತಿದರೆ ಕೊಕ್ಕೆ ತಾನಾಗೇ ಕೈಗೆ ಬರುತ್ತದೆ.

ಹನ್ನೆರಡು ಅಡಿ ಕೋಲು, ಹನ್ನೆರಡು ಅಡಿ ದಾರ. ಅಷ್ಟೇ ದೂರ ಸಾಕಾ ಅಂತ ಕೇಳಬಹುದು. ಸಣ್ಣ ಕೆರೆಯಲ್ಲಿ ಸಾಕು. ಬೆಳಿಗ್ಗೆ ಮತ್ತು ಸಂಜೆ ಮೀನು ಮೇಯಲು ಬರುವುದೇ ದಡದ ಹತ್ತಿರ. ಹುಳ ಹುಪ್ಪಟೆ, ಪಾಚಿ, ಬಟ್ಟೆ ಒಗೆಯುವ ಕಲ್ಲಿನ ಬಳಿ ಪಾತ್ರೆ ತೊಳೆದ ಅನ್ನ, ಎಲ್ಲ ಇರುವುದು ಅಲ್ಲೇ. ರೀಲ್ ರಾಡ್ ಹಿಡಿದವರು ನೂರಡಿ ಆಚೆ ಎಸೆದು ತಮ್ಮ ಕಾಲ ಬುಡದ ಮೀನನ್ನು ದಾಟಿಸಿ ಕೂರುವುದನ್ನು ಎಷ್ಟು ಸಲ ನೋಡಿದ್ದೇನೋ.

ಬಿದಿರಿನ ಇನ್ನೊಂದು ಗುಣ ಬೆಂಡಿನ ಆಟ. ಬೆಂಡು ಅಂದರೆ ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಡುವ ಹಗುರ ತುಂಡು. ಜೋಳದ ದಂಟಿನ ಬೆಂಡು ಹಗುರ, ಪುಕ್ಕಟೆ. ಹಳೇ ಹವಾಯಿ ಚಪ್ಪಲಿ ಕತ್ತರಿಸಿದ ತುಂಡು ಅದಕ್ಕಿಂತ ಬಾಳಿಕೆ. ಥರ್ಮೋಕೋಲ್ ಬೇಡ, ಪುಡಿಯಾಗಿ ಕೆರೆ ತುಂಬಾ ಹರಡುತ್ತದೆ. ಕೋಲು ಚಿಕ್ಕದಾದ್ದರಿಂದ ಬೆಂಡು ಕಣ್ಣೆದುರೇ ಇರುತ್ತದೆ, ಅದರ ಭಾಷೆ ಬೇಗ ಕಲಿಯಬಹುದು. ಟುಕ್ ಟುಕ್ ಅಂತ ಕುಣಿದರೆ ಜಿಲೇಬಿ ಅಥವಾ ಮರಿ ಮೀನು. ಅವಸರ ಬೇಡ. ಬೆಂಡು ನಿಧಾನ ಅಡ್ಡ ಜಾರಿ ಹೋದರೆ ಗೆಂಡೆ. ಮುಳುಗುವ ಬದಲು ಮೇಲೆದ್ದು ಮಲಗಿದರೆ ತಳದ ಮೀನು ಹುಳ ಎತ್ತಿಕೊಂಡಿದೆ, ತಕ್ಷಣ ಎಳೆಯಿರಿ. ಒಂದೇ ಏಟಿಗೆ ಬೆಂಡು ಮಾಯವಾದರೆ ಕೊರಮೀನು. ಆಗ ನೀವು ಎಳೆಯಬೇಕಿಲ್ಲ, ಅದೇ ಎಳೆಯುತ್ತದೆ.

ಸೋಲುವುದು ಎಲ್ಲಿ? ಎರಡು ಕೆಜಿ ದಾಟಿದ ಮೀನಿಗೆ. ಮೀನು ಓಡಿದಾಗ ಬಿಟ್ಟುಕೊಡಲು ಬಿದಿರಿನಲ್ಲಿ ದಾರ ಇಲ್ಲ. ಕೋಲು ಬಗ್ಗುತ್ತದೆ, ಬಗ್ಗುತ್ತದೆ, ಆಮೇಲೆ 'ಟಪ್'. ದಾರ ಕಿತ್ತ ಕೋಲನ್ನು ಹಿಡಿದು ನಿಂತ ಗಳಿಗೆ ಇದೆಯಲ್ಲ, ಅದು ಹುಡುಗಿ ಒಲ್ಲೆ ಅಂದದ್ದಕ್ಕಿಂತ ಜಾಸ್ತಿ ದಿನ ನೆನಪಿರುತ್ತದೆ. ಇನ್ನೊಂದು ತೊಂದರೆ ಬಸ್ಸು. ಹನ್ನೆರಡು ಅಡಿ ಬಿದಿರು ಹಿಡಿದು ಬಸ್ ಹತ್ತಿದರೆ ಕಂಡಕ್ಟರ್ ಏನಂತಾರೆ ಅಂತ ನಾನು ಇಲ್ಲಿ ಬರೆಯಲಾರೆ.

ಬಸ್ಸು, ಬೈಕಿನವರಿಗೆ ಮಡಚುವ ಕೋಲು ಉತ್ತರ. ಒಂದರೊಳಗೊಂದು ತೂರುವ ಫೈಬರ್ ಕೊಳವೆಗಳು. ಮಡಚಿದರೆ ಮೂರ್ನಾಲ್ಕು ಅಡಿ, ಬಿಚ್ಚಿದರೆ ಹನ್ನೆರಡು ಹದಿನೈದು ಅಡಿ. ಕೆಲಸ ಬಿದಿರಿನದ್ದೇ, ತೂಕ ಅರ್ಧ. ಪಟ್ಟಣದಲ್ಲಿದ್ದು ಭಾನುವಾರ ಊರಿಗೆ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಕೀಲುಗಳಲ್ಲಿ ಮರಳು ಸಿಕ್ಕರೆ ಜಾಮ್ ಆಗುತ್ತದೆ, ಮನೆಗೆ ಬಂದ ಮೇಲೆ ತೊಳೆದು ಒಣಗಿಸಿ. ತುದಿಯ ತುಂಡು ಬೇಗ ಮುರಿಯುತ್ತದೆ, ಬೇರೆ ತುದಿ ಸಿಗುವಂಥದ್ದನ್ನೇ ತಗೊಳ್ಳಿ. ಕಾರ್ಬನ್ ಕೋಲಾದರೆ ಒಂದು ಮಾತು ಮರೆಯಬೇಡಿ: ಅದರಲ್ಲಿ ಕರೆಂಟ್ ಹರಿಯುತ್ತದೆ. ನಮ್ಮ ಎಷ್ಟೋ ಕೆರೆ ಏರಿಗಳ ಮೇಲೆ ಪಂಪ್‌ಸೆಟ್ ಲೈನ್ ಜೋತು ಬಿದ್ದಿರುತ್ತದೆ. ತಲೆ ಎತ್ತಿ ನೋಡಿ, ಆಮೇಲೆ ಕೋಲು ಬಿಚ್ಚಿ. ಗುಡುಗು ಶುರುವಾದರೆ ಯಾವ ಕೋಲೇ ಆಗಲಿ ಕೆಳಗಿಟ್ಟು, ಏರಿ ಇಳಿದು ಮನೆ ದಾರಿ ಹಿಡಿಯಿರಿ.

ಇನ್ನು ರೀಲ್ ರಾಡ್. ಇದನ್ನು ಬೈಯಲು ನನಗೆ ಮನಸ್ಸಿಲ್ಲ, ಒಳ್ಳೆಯ ಸಾಮಾನೇ. ಮೀನು ಜಗ್ಗಿದಾಗ ರೀಲ್ ತಾನಾಗೇ ದಾರ ಬಿಟ್ಟುಕೊಡುತ್ತದೆ, ಸುಸ್ತಾದಾಗ ನೀವು ಸುತ್ತಿಕೊಳ್ಳುತ್ತೀರಿ. ಹಾಗೆ ಐದು ಕೆಜಿ ಮೀನನ್ನೂ ಸಣ್ಣ ದಾರದಲ್ಲಿ ದಡಕ್ಕೆ ತರಬಹುದು. ಮುಂದೆ ಹೇಳುವ ಹಿಂಡಿ ಗಾಳ ಬಿಟ್ಟರೆ ಇದು ನಿಜಕ್ಕೂ ಬೇಕಾಗುವುದು ಎರಡು ಕಡೆ. ಒಂದು, ಜೊಂಡಿನ ಆಚೆ ರಬ್ಬರ್ ಕಪ್ಪೆ ಎಸೆದು ಕೊರಮೀನು ಎಬ್ಬಿಸಲು. ಇನ್ನೊಂದು, ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಕೆಸರಿನಲ್ಲಿ ಕಾಲಿಡಲಾಗದೆ ದೂರದಿಂದಲೇ ಎಸೆಯಬೇಕಾದಾಗ.

ಸಣ್ಣ ಕೆರೆಯಲ್ಲಿ ಅದರ ಕಾಟವೂ ಜಾಸ್ತಿ. ಹಿಂದಿನ ಜಾಲಿ ಮರಕ್ಕೆ ಕೊಕ್ಕೆ ಸಿಕ್ಕುತ್ತದೆ. ಪಕ್ಕದವನ ದಾರಕ್ಕೆ ನಿಮ್ಮದು ಸುತ್ತಿಕೊಳ್ಳುತ್ತದೆ. ಕಲಿಯುವ ತನಕ ಅರ್ಧ ದಿನ ಸಿಕ್ಕು ಬಿಡಿಸುವುದರಲ್ಲೇ ಹೋಗುತ್ತದೆ. ಅಗ್ಗದ ಸೆಟ್‌ಗಳಲ್ಲಿ ರೀಲ್ ಜೊತೆ ಬರುವ ದಾರವಂತೂ ಗಟ್ಟಿ ಸುರುಳಿ, ಅದನ್ನು ಬಿಚ್ಚಿ ಎಸೆದು 0.25 ಮಿ.ಮೀ. ದಾರ ಸುತ್ತಿ. ಜೊತೆಗೆ ಬರುವ ಬಣ್ಣ ಬಣ್ಣದ ಪ್ಲಾಸ್ಟಿಕ್ ಮೀನುಗಳನ್ನು ಜಿಲೇಬಿ, ಗೆಂಡೆ ಮೂಸುವುದೂ ಅಪರೂಪ. ಅವು ಬೇಟೆಯಾಡುವ ಮೀನಿಗೆ ಮಾಡಿದ ಸಾಮಾನು.

ಕೊಕ್ಕೆಯ ಬಗ್ಗೆ ಎರಡೇ ಮಾತು. ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. ಜಿಲೇಬಿಗೆ 10 ಅಥವಾ 12, ಗೆಂಡೆಗೆ 6 ಅಥವಾ 8. ಹೊಸಬರೆಲ್ಲ ದೊಡ್ಡ ಕೊಕ್ಕೆ ಹಾಕಿ, ಮೀನು ಹುಳ ತಿಂದು ಹೋಗ್ತಾ ಇದೆ ಅಂತ ಗೋಳಾಡುತ್ತಾರೆ.

ಹುಳವೋ, ಹಿಟ್ಟೋ, ಹಿಂಡಿಯೋ

ಕೋಲಿಗೆ ಎರಡು ಸಾವಿರ ಕೊಟ್ಟು ಆಹಾರಕ್ಕೆ ಎರಡು ನಿಮಿಷ ಕೊಡದವರೇ ಜಾಸ್ತಿ. ನನ್ನ ಪ್ರಕಾರ ಮೀನು ಸಿಗುವುದು ಬಿಡುವುದು ಇದರ ಮೇಲೇ.

ಎರೆಹುಳು ಕಾಟ್ಲಾ ಬಿಟ್ಟು ಹೆಚ್ಚುಕಡಿಮೆ ಎಲ್ಲಕ್ಕೂ ಆಗುತ್ತದೆ. ಗೊಬ್ಬರದ ಗುಂಡಿ ಪಕ್ಕ, ಬಚ್ಚಲ ನೀರು ಹೋಗುವ ಬಾಳೆ ಬುಡದಲ್ಲಿ ಅಗೆದರೆ ಸಿಗುತ್ತದೆ. ತೆಂಗಿನ ಚಿಪ್ಪಿನಲ್ಲಿ ಅಲ್ಲಿಯ ಮಣ್ಣನ್ನೇ ಹಾಕಿ, ಮೇಲೆ ಒದ್ದೆ ಎಲೆ ಮುಚ್ಚಿ ನೆರಳಲ್ಲಿಡಿ. ಇಡೀ ಹುಳ ಪೋಣಿಸಬೇಡಿ, ಒಂದಂಗುಲದ ತುಂಡು ಸಾಕು. ಇದರ ದೋಷ ಒಂದೇ: ಸಣ್ಣ ಮೀನಿಗೂ ಇಷ್ಟ. ದೊಡ್ಡ ಗೆಂಡೆಗೆ ಕಾದು ಕೂತರೆ ಬೆರಳುದ್ದದ ಮರಿಗಳು ಬಂದು ಖಾಲಿ ಮಾಡುತ್ತವೆ.

ಮರಿಗಳ ಕಾಟ ಇರುವ ಕೆರೆಯಲ್ಲಿ ಹಿಟ್ಟು ಮೇಲು. ರಾಗಿ ಹಿಟ್ಟನ್ನು ಕುದಿಯುವ ನೀರಿನಲ್ಲಿ ಮುದ್ದೆಗಿಂತ ಗಟ್ಟಿಯಾಗಿ ತಿರುವಿ, ಆರಿದ ಮೇಲೆ ಸ್ವಲ್ಪ ಹತ್ತಿ ಸೇರಿಸಿ ನಾದಿ. ಹತ್ತಿಯ ಎಳೆ ಹಿಟ್ಟನ್ನು ಕೊಕ್ಕೆಯಲ್ಲಿ ಹಿಡಿದಿಡುತ್ತದೆ. ಕಡಲೆಬೀಜದ ಗಾತ್ರದ ಉಂಡೆ ಸಾಕು. ಬೇಯಿಸಿದ ಮುಸುಕಿನ ಜೋಳದ ಕಾಳು ಇನ್ನೂ ಒಳ್ಳೆಯದು, ಅದನ್ನು ಮರಿಗಳು ನುಂಗಲಾರವು, ಗೆಂಡೆ ಬಿಡದು.

ಹಿಂಡಿ ಗಾಳ ಅನುಭವಸ್ಥರದ್ದು. ಕಡಲೆಕಾಯಿ ಹಿಂಡಿ ಪುಡಿಯನ್ನು ಬಾಣಲೆಯಲ್ಲಿ ಘಮ ಬರುವ ತನಕ ಹುರಿದು, ಅಕ್ಕಿ ತೌಡು, ಚೂರು ಬೆಲ್ಲ ಸೇರಿಸಿ, ನೀರು ಚಿಮುಕಿಸಿ ನಿಂಬೆ ಗಾತ್ರದ ಉಂಡೆ ಕಟ್ಟುತ್ತಾರೆ. ಸಣ್ಣ ಸ್ಪ್ರಿಂಗಿಗೆ ಈ ಉಂಡೆ ಮೆತ್ತಿ, ಸುತ್ತ ಮೂರ್ನಾಲ್ಕು ಗಿಡ್ಡ ದಾರದ ಕೊಕ್ಕೆಗಳನ್ನು ಅದರಲ್ಲೇ ಹುದುಗಿಸಿಡುತ್ತಾರೆ. ನೀರಲ್ಲಿ ಉಂಡೆ ಕರಗುತ್ತಾ ಮೋಡದ ಹಾಗೆ ಹರಡುತ್ತದೆ. ಸೋಸಿ ತಿನ್ನುವ ಕಾಟ್ಲಾ ಆ ಪುಡಿಯನ್ನು ಹೀರುವಾಗ ಕೊಕ್ಕೆಯನ್ನೂ ಹೀರಿಕೊಳ್ಳುತ್ತದೆ. ಇದಕ್ಕೆ ಮಾತ್ರ ರೀಲ್ ಬೇಕೇ ಬೇಕು. ಮತ್ತು ಗುತ್ತಿಗೆದಾರರ ಒಪ್ಪಿಗೆ ಅದಕ್ಕಿಂತ ಮೊದಲು.

ಕೊರಮೀನಿಗೆ ಜೀವಂತ ಕಪ್ಪೆ ಪೋಣಿಸುವ ರೂಢಿ ಇದೆ. ನನಗೆ ಅದು ಯಾವತ್ತೂ ಹಿಡಿಸಿಲ್ಲ. ರಬ್ಬರ್ ಕಪ್ಪೆ ಅಷ್ಟೇ ಕೆಲಸ ಮಾಡುತ್ತದೆ, ಎಲೆಗಳ ಮೇಲೆ ಕುಪ್ಪಳಿಸಿಕೊಂಡು ಬಂದಾಗ ಮೀನು ಹಾರಿ ಬೀಳುವುದನ್ನು ಕಣ್ಣಾರೆ ನೋಡಲೂಬಹುದು. ಸಿಡಿಮದ್ದು, ವಿಷ ಹಾಕುವವರ ಸಂಗವೇ ಬೇಡ. ಅದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ.

ಎಲ್ಲಿ, ಯಾವಾಗ ಕೂರಬೇಕು

ಒಂದೇ ಕೆರೆಯಲ್ಲಿ ನಾಲ್ಕು ಕೆರೆ ಇರುತ್ತವೆ. ತೂಬಿನ ಹತ್ತಿರ ಆಳ, ಬೇಸಿಗೆಯಲ್ಲೂ ನೀರು ನಿಲ್ಲುವ ಜಾಗ, ಮಧ್ಯಾಹ್ನ ದೊಡ್ಡ ಮೀನು ಇರುವುದು ಅಲ್ಲಿ. ಆದರೆ ತೂಬು ಎತ್ತಿದ್ದಾಗ ಅದರ ಬಳಿ ಸುಳಿಯಬೇಡಿ, ಸೆಳೆತ ಇರುತ್ತದೆ. ಏರಿಯ ಕಲ್ಲುಕಟ್ಟಿನ ಸಂದಿಗಳಲ್ಲಿ ಜಿಲೇಬಿ ಸದಾ ಇರುತ್ತದೆ. ಕೂರಲೂ ಒಣ ಜಾಗ. ಮಕ್ಕಳನ್ನು ಕರೆದುಕೊಂಡು ಹೋದರೆ ಇದೇ ಒಳ್ಳೆಯದು, ಕಲ್ಲಿನ ಪಾಚಿ ನೋಡಿಕೊಂಡು.

ಕೋಡಿಯ ಕಡೆ ಮಳೆಗಾಲದಲ್ಲಿ ಜಾತ್ರೆ. ಕೆರೆ ತುಂಬಿ ಕೋಡಿ ಬಿದ್ದಾಗ ಮೀನು ಹರಿಯುವ ನೀರಿಗೆ ಎದುರಾಗಿ ಏರಲು ನೋಡುತ್ತವೆ. ಮಲೆನಾಡಿನವರು ಮೊದಲ ಮಳೆಗೆ ಹೀಗೆ ಗದ್ದೆಗಳಿಗೆ ಏರಿ ಬರುವುದಕ್ಕೆ ಹತ್ತುಮೀನು ಅಂತಾರೆ. ಹಿಡಿಯುವುದು ಸುಲಭ, ಆದರೆ ಬಹಳಷ್ಟರ ಹೊಟ್ಟೆ ತುಂಬಾ ಮೊಟ್ಟೆ. ನಾನು ಆ ಒಂದು ವಾರ ಗಾಳ ಒಳಗಿಡುತ್ತೇನೆ. ನೀವೂ ಇಡಿ ಅಂತ ಬಲವಂತ ಮಾಡಲಾರೆ.

ಅಂಗಳದ ಕಡೆ, ಅಂದರೆ ನೀರು ಹಬ್ಬುವ ಮೇಲ್ದಂಡೆ, ಜೊಂಡು ಮತ್ತು ಕೊರಮೀನಿನ ಜಾಗ. ಅಪಾಯದ್ದೂ ಅಲ್ಲೇ. ಹೂಳು, ಮಣ್ಣು ತೆಗೆಯಲು ಜೆಸಿಬಿ ತೋಡಿದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಣಕಾಲುದ್ದ ಅಂತ ನಡೆಯುತ್ತಿದ್ದವನು ಒಂದೇ ಹೆಜ್ಜೆಗೆ ತಲೆ ಮುಳುಗುವ ಗುಂಡಿಗೆ ಬೀಳುತ್ತಾನೆ. ಸಿಕ್ಕಿಕೊಂಡ ಕೊಕ್ಕೆ ಬಿಡಿಸಲು ನೀರಿಗೆ ಇಳಿಯಬೇಡಿ. ಕೊಕ್ಕೆಗೆ ಎರಡು ರೂಪಾಯಿ, ದಾರ ಕತ್ತರಿಸಿ.

ಹೊತ್ತಿನ ವಿಷಯದಲ್ಲಿ ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ. ಮೋಡ ಮುಚ್ಚಿದ ದಿನ ಇಡೀ ದಿನ ನಡೆಯುತ್ತದೆ. ಬೇಸಿಗೆಯ ಮುಂಜಾನೆ ಮೀನುಗಳೆಲ್ಲ ನೀರ ಮೇಲೆ ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಕಷ್ಟ. ಆವತ್ತು ಏನೂ ಕಚ್ಚದು, ತಿಂಡಿ ತಿಂದು ಬನ್ನಿ. ಗಾಳಿ ಬೀಸಿ ಅಲೆ ಬಂದು ಬಡಿಯುವ ದಡದಲ್ಲಿ ಕೂರಿ, ತೇಲುವ ಆಹಾರ ಅಲ್ಲಿ ಸೇರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಪಡುವಣ ಗಾಳಿ, ಹಾಗಾಗಿ ಮೂಡಣ ದಡ. ಮುಖಕ್ಕೆ ಗಾಳಿ ಹೊಡೆಯುತ್ತದೆ, ಎಸೆಯಲು ಕಷ್ಟ, ಆದರೂ ಅಲ್ಲೇ.

ಕೂತು ಕಾಯುವ ಸ್ವಭಾವವೇ ಇಲ್ಲದವರಿಗೆ ಬೇರೆ ದಾರಿ ಇದೆ. ಮಲೆನಾಡಿನ ಕೆಲವು ಊರುಗಳಲ್ಲಿ ಬೇಸಿಗೆಯಲ್ಲಿ ಕೆರೆಬೇಟೆ ನಡೆಯುತ್ತದೆ. ನೀರಿಳಿದ ಕೆರೆಗೆ ನೂರಾರು ಜನ ಕೂಣಿ ಅನ್ನುವ ಬಿದಿರಿನ ಬುಟ್ಟಿಯಂಥ ಬೋನು ಹಿಡಿದು ಒಟ್ಟಿಗೇ ಇಳಿಯುತ್ತಾರೆ. ಅರ್ಧ ಗಂಟೆಯಲ್ಲಿ ಮೈಯೆಲ್ಲ ಕೆಸರು, ಸಿಕ್ಕವರಿಗೆ ಮೀನು, ಸಿಗದವರಿಗೆ ಮಜಾ.

ತರುವುದೋ, ಬಿಡುವುದೋ

ಅಂಗೈಗಿಂತ ಸಣ್ಣ ಗೆಂಡೆ, ಕೊರಮೀನು ಬಂದರೆ ಕೈ ಒದ್ದೆ ಮಾಡಿಕೊಂಡು ಹಿಡಿದು ಬಿಟ್ಟುಬಿಡಿ. ಒಣ ಕೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಹೋಗಿ ಆಮೇಲೆ ಸಾಯುತ್ತದೆ. ಜಿಲೇಬಿಗೆ ಈ ಉಪಚಾರ ಬೇಡ, ಎಷ್ಟು ಹಿಡಿದರೂ ಕೆರೆಗೆ ಉಪಕಾರವೇ. ಆಫ್ರಿಕನ್ ಕ್ಯಾಟ್‌ಫಿಶ್ ಬಂದರೆ ವಾಪಸ್ ಬಿಡಬೇಡಿ. ಸಿಕ್ಕಿದ್ದೆಲ್ಲ ತಿನ್ನುವ ಮೀನು ಅದು, ಸಾಕುವುದನ್ನೇ ನಿಷೇಧಿಸಿದ್ದಾರೆ.

ಕೆರೆ ಮೀನಿಗೆ ಮಣ್ಣಿನ ವಾಸನೆ ಅಂತ ದೂರುವವರಿಗೆ: ಒಲೆ ಬೂದಿ ಹಾಕಿ ಕಲ್ಲಿನ ಮೇಲೆ ಉಜ್ಜಿ, ಕಲ್ಲುಪ್ಪು, ಅರಿಶಿನ, ಹುಣಸೆಹುಳಿ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಸಾರಿಗೆ ಹುಳಿ ಒಂದು ಚೂರು ಮುಂದೆಯೇ ಇರಲಿ. ಬಿಸಿ ಮುದ್ದೆಗೆ ಆವತ್ತಿನ ಸಾರು ಚೆನ್ನಾಗಿರುತ್ತದೆ, ಮಾರನೇ ದಿನದ್ದು ಇನ್ನೂ ಚೆನ್ನಾಗಿರುತ್ತದೆ.

ಅಕ್ಕನ ಮಗ ಇಷ್ಟೆಲ್ಲ ಕೇಳಿಸಿಕೊಂಡು ಸೆಟ್ಟನ್ನೇ ತಗೊಂಡ. ವಯಸ್ಸು ಅಂಥದ್ದು. ಹೋದ ಭಾನುವಾರ ಇಬ್ಬರೂ ಊರ ಕೆರೆಗೆ ಹೋದೆವು. ಎಂಟು ಗಂಟೆಯೊಳಗೆ ಅವನ ರಬ್ಬರ್ ಮೀನು ಎರಡು ಜಾಲಿ ಮರ ಸೇರಿದವು. ಒಂಬತ್ತಕ್ಕೆ ನನ್ನ ಎರಡನೇ ಬಿದಿರು ಕೋಲು ಕೇಳಿ ತಗೊಂಡ, ಹನ್ನೊಂದು ಜಿಲೇಬಿ ಹಿಡಿದ. ವಾಪಸ್ ಬರುವಾಗ ರೀಲ್ ರಾಡ್ ಮಾರಿಬಿಡ್ಲಾ ಮಾಮ ಅಂದ. ಬೇಡ, ಮೇಲ್ದಂಡೆಯ ಜೊಂಡಿನಲ್ಲಿ ಗುಳಕ್ ಅಂತಿದ್ದದ್ದು ಕೇಳಿಸ್ತಲ್ಲ, ಮರಿಗಳು ದೊಡ್ಡದಾಗಿ ಬೇರೆ ಆಗಲಿ, ಚಳಿಗಾಲಕ್ಕೆ ಅದನ್ನು ತಗೊಂಡು ಬಾ ಅಂದೆ.